ಕೋವಿಗೆ ಅರ ಹಿಡಿಯುವ ಕೈ ಯಾರದು?

ಪೇಟೆಯಿಂದ ಮನೆಗೆ ಬಂದ ದಿನವೇ ಯಾವ ಉಪಕರಣವೂ ನಮ್ಮದಾಗುವುದಿಲ್ಲ. ಕುಡಗೋಲಿನ ಹಿಡಿ ಕೈಗೆ ಕೂಡಬೇಕು. ಕೂರಿಗೆಯ ತಾಳು ನೆಲಕ್ಕೆ ಒಗ್ಗಬೇಕು. ಕುಂಟೆಯ ಕುಡ ಸವೆದಾಗ ಮತ್ತೆ ಕುಲುಮೆ ಕಂಡು ಬರಬೇಕು. ಬೇವೂರು, ಯಲಬುರ್ಗಾ, ಕುಕನೂರು ಕಡೆ ಒಂದೇ ಊರಿನಲ್ಲಿ ಎರಿ ಹೊಲವೂ ಇದೆ, ಮಸಾರಿಯೂ ಇದೆ. ಎರಿಗೆ ಹೊಂದಿದ ಕುಡ ಮಸಾರಿಗೆ ಹೊಂದುವುದಿಲ್ಲ. ಅದಕ್ಕೇ ನಮ್ಮ ಕಂಬಾರರು ಕಬ್ಬಿಣಕ್ಕೆ ಕೊಡುವ ಪಾಕಕ್ಕೂ ರೈತರು ಮಣ್ಣಿನಲ್ಲಿ ಹುಡುಕುವ ತೇವಕ್ಕೂ ಒಂದೇ ಮಾತು: ಹದ. ಕಾದ ಕುಡವನ್ನು ಯಾವ ಬಣ್ಣದಲ್ಲಿ ನೀರಿಗೆ ಅದ್ದಬೇಕು, ಮಳೆ ನಿಂತ ಎಷ್ಟನೇ ದಿನ ಹೊಲಕ್ಕೆ ಇಳಿಯಬೇಕು ಎಂಬುದು ಪುಸ್ತಕದಲ್ಲಿ ಸಿಗುವ ವಿದ್ಯೆಯಲ್ಲ. ಅದು ಕೈಯ ವಿದ್ಯೆ.

ಈ ಸೀಮೆಗೆ ಕಬ್ಬಿಣ ಹೊಸದಲ್ಲ. ಗಂಗಾವತಿಯ ಪಕ್ಕದ ಹಿರೇಬೆಣಕಲ್ ಗುಡ್ಡದ ಮೇಲೆ ನೂರಾರು ಕಲ್ಮನೆಗಳನ್ನು ಕಟ್ಟಿದವರು ಎರಡು ಸಾವಿರ ವರ್ಷಗಳಿಗೂ ಹಿಂದಿನ ಕಬ್ಬಿಣದ ಯುಗದ ಜನ. ಅಂದಿನಿಂದ ಇಂದಿನವರೆಗೆ ಕಬ್ಬಿಣದ ಸಾಮಾನು ಬಳಸುವವನು ಅದನ್ನು ತನ್ನ ಕೈಗೆ ತಕ್ಕಂತೆ ತಿದ್ದಿಕೊಳ್ಳುವುದು ಸಹಜ ಹಕ್ಕು. ಅದಕ್ಕೆ ಯಾರ ಅಪ್ಪಣೆಯನ್ನೂ ಅವನು ಕೇಳಿಲ್ಲ. ಒಂದು ಸಾಮಾನು ಮಾತ್ರ ಇದಕ್ಕೆ ಹೊರತು. ಅದು ಕೋವಿ.

ನನಗೆ ಈ ಯೋಚನೆ ಹತ್ತಿದ್ದು ಒಬ್ಬ ವಿದ್ಯಾರ್ಥಿಯಿಂದ. ಮೆಕ್ಯಾನಿಕಲ್ ಡಿಪ್ಲೊಮಾ ಓದುವ ನಮ್ಮೂರ ಹುಡುಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿ, "ಸರ, ಇಲ್ನೋಡ್ರಿ, ಚಲೋ ಪಿಸ್ತೂಲು ತಗೊಂಡು ಅದಕ್ಕ ಕಿಟಕಿ ಕೊರಿತಾರ. ಕಾಂಪಿಟೇಶನ್‌ಗೆ ಅಂತ. ಯಾಕ್ರಿ ಹಂಗ?" ಎಂದು ಕೇಳಿದ. ನಾನು ಇತಿಹಾಸ ಹೇಳಿಕೊಡುವವನು. ಅವನು ಕೇಳಿದ್ದು ಯಂತ್ರದ ಪ್ರಶ್ನೆ. ಆದರೆ ಉತ್ತರ ಹುಡುಕುತ್ತ ಹೋದಂತೆ ಅದು ಹಮ್ಮಿಗೆಗೆ, ಹಲಗಲಿಗೆ, ಕೊಪ್ಪಳದ ಕೋಟೆಗೆ ಬಂದು ನಿಂತಿತು. ಮೊದಲು ಯಂತ್ರದ ಮಾತು, ಆಮೇಲೆ ಇತಿಹಾಸದ್ದು.

*

ಇಂದಿನ ಬಹುಪಾಲು ಪಿಸ್ತೂಲುಗಳ ಮೇಲ್ಭಾಗದಲ್ಲಿ ನಳಿಗೆಯನ್ನು ಮುಚ್ಚಿಕೊಂಡಂತೆ ಒಂದು ಉಕ್ಕಿನ ಹೊದಿಕೆ ಇರುತ್ತದೆ. ಅದೇ ಸ್ಲೈಡ್. ಗುಂಡು ಮುಂದಕ್ಕೆ ಹಾರಿದಾಗ ಈ ಹೊದಿಕೆ ಹಿಂದಕ್ಕೆ ಜಾರುತ್ತದೆ. ಜಾರುತ್ತ ಖಾಲಿ ತೋಟೆಯನ್ನು ಹೊರಕ್ಕೆ ಎಸೆದು, ಕುದುರೆಯನ್ನು ಮತ್ತೆ ಸಜ್ಜು ಮಾಡುತ್ತದೆ. ಒಳಗಿನ ಸ್ಪ್ರಿಂಗು ಅದನ್ನು ಮುಂದಕ್ಕೆ ತಳ್ಳುವಾಗ ಹೊಸ ತೋಟೆ ನಳಿಗೆಯ ಬುಡ ಸೇರುತ್ತದೆ. ಇಷ್ಟೂ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಇದನ್ನು ರೂಪಿಸಿದವನು ಜಾನ್ ಬ್ರೌನಿಂಗ್. 1855ರಲ್ಲಿ ಅಮೆರಿಕದ ಯೂಟಾ ಪ್ರಾಂತದ ಆಗ್ಡೆನ್ ಎಂಬ ಊರಿನಲ್ಲಿ ಹುಟ್ಟಿದ. ಅಪ್ಪ ಜೊನಾಥನ್ ಕೋವಿ ರಿಪೇರಿಯವನು. ಮಗ ಅಪ್ಪನ ಅಂಗಡಿಯಲ್ಲೇ ಮುರುಕು ಸಾಮಾನುಗಳ ನಡುವೆ ಆಡಿ ಬೆಳೆದ. 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಸ್ಲೈಡಿನ ಪಿಸ್ತೂಲು ರೂಪಿಸಿದ, ಬೆಲ್ಜಿಯಮ್ಮಿನ ಎಫ್.ಎನ್. ಕಾರ್ಖಾನೆ ಅದನ್ನು ತಯಾರಿಸಿತು. 1911ರಲ್ಲಿ ಅಮೆರಿಕದ ಸೇನೆ ಅವನ ಇನ್ನೊಂದು ಪಿಸ್ತೂಲನ್ನು ಒಪ್ಪಿಕೊಂಡಿತು. ಆ ವರ್ಷವೇ ಅದಕ್ಕೆ ಹೆಸರಾಯಿತು. 1926ರಲ್ಲಿ ಲಿಯೇಜ್ ಬಳಿಯ ಅದೇ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾಗಲೇ ಬ್ರೌನಿಂಗ್ ತೀರಿಕೊಂಡ. ಹಳ್ಳಿಯ ಕುಲುಮೆಯ ವಿದ್ಯೆ ಕಾರ್ಖಾನೆಯನ್ನು ಮುಟ್ಟಿದ ಕಥೆ ಇದು.

ಸೇನೆಯ ಪಿಸ್ತೂಲು ಕೆಸರಿನಲ್ಲಿ ಬಿದ್ದರೂ ಓಡಬೇಕು. ಅದಕ್ಕಾಗಿ ಅದರ ಭಾಗಗಳ ನಡುವೆ ಬೇಕೆಂದೇ ಸಡಿಲ ಬಿಟ್ಟಿರುತ್ತಾರೆ. ಕೈಯಲ್ಲಿ ಅಲ್ಲಾಡಿಸಿದರೆ ಸ್ಲೈಡು ಗಲಗಲ ಅನ್ನುತ್ತದೆ. ಯುದ್ಧಕ್ಕೆ ಅದು ಗುಣ, ಗುರಿ ಸ್ಪರ್ಧೆಗೆ ದೋಷ. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಅಮೆರಿಕದ ಕ್ಯಾಂಪ್ ಪೆರಿ ಪಂದ್ಯಗಳಿಗೆ ಹೋಗುವವರ ಪಿಸ್ತೂಲುಗಳನ್ನು ಕಸುಬುದಾರರು ಬಿಗಿ ಮಾಡತೊಡಗಿದರು. ಹಳಿಗಳನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಅಗಲಿಸುವುದು, ಸ್ಲೈಡನ್ನು ಕೂಡಿಸಿ ನುಣ್ಣನೆಯ ಉಜ್ಜುಪುಡಿ ಹಾಕಿ ಗಂಟೆಗಟ್ಟಲೆ ಹಿಂದೆ ಮುಂದೆ ಆಡಿಸುವುದು, ನಳಿಗೆಯ ಬಾಯಿ ಪ್ರತಿಸಲವೂ ಅದೇ ಜಾಗಕ್ಕೆ ಬಂದು ಕೂರುವಂತೆ ಮಾಡುವುದು. ಬಿಗಿಯಿರಬೇಕು, ಆದರೆ ಕಚ್ಚಬಾರದು. ಹದ ಎಂದರೆ ಇದೇ. 1930ರ ದಶಕದಲ್ಲಿ ಕೋಲ್ಟ್ ಕಂಪನಿಯೇ ಇಂಥ ಪಂದ್ಯದ ಪಿಸ್ತೂಲನ್ನು ಮಾರುಕಟ್ಟೆಗೆ ತಂದಿತು.

ಕಿಟಕಿ ಕೊರೆಯುವ ಪದ್ಧತಿ ಬೇರೊಂದು ಆಟದಿಂದ ಬಂತು. 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಊರಿನಲ್ಲಿ ಐಪಿಎಸ್‌ಸಿ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಇಲ್ಲಿ ನಿಂತಲ್ಲೇ ನಿಂತು ಹೊಡೆಯುವುದಿಲ್ಲ. ಓಡುತ್ತ, ತಿರುಗುತ್ತ ಹಲವು ಗುರಿಗಳಿಗೆ ಹೊಡೆಯಬೇಕು. ಗಳಿಸಿದ ಅಂಕವನ್ನು ತೆಗೆದುಕೊಂಡ ಸಮಯದಿಂದ ಭಾಗಿಸುತ್ತಾರೆ. ಹೀಗಾಗಿ ಒಂದು ಗುಂಡಿಗೂ ಮುಂದಿನ ಗುಂಡಿಗೂ ನಡುವೆ ಪಿಸ್ತೂಲಿನ ಮೂತಿ ಎಷ್ಟು ಬೇಗ ಗುರಿಗೆ ಮರಳುತ್ತದೆ ಎಂಬುದೇ ಗೆಲುವು ಸೋಲಿನ ಪ್ರಶ್ನೆ. ಮೂತಿಯನ್ನು ಕುಲುಕುವುದು ಗುಂಡಿನ ಹಿಮ್ಮೆಟ್ಟು ಒಂದೇ ಅಲ್ಲ. ಹಿಂದಕ್ಕೆ ಹೋಗಿ ಮುಂದಕ್ಕೆ ಬಂದು ಬಡಿಯುವ ಸ್ಲೈಡಿನ ತೂಕವೂ ಕುಲುಕುತ್ತದೆ. ಆ ತೂಕ ಇಳಿಸಲು ಅದರ ಮೈಯಲ್ಲಿ ಕಿಟಕಿ ಕೊರೆಯುತ್ತಾರೆ.

ಆದರೆ ಪುಕ್ಕಟೆ ಲಾಭ ಇಲ್ಲಿಯೂ ಇಲ್ಲ. ಪಿಯುಸಿಯ ಭೌತಶಾಸ್ತ್ರ ಇದಕ್ಕೆ ಸಾಕು. 8 ಗ್ರಾಮಿನ ಗುಂಡು ಸೆಕೆಂಡಿಗೆ 350 ಮೀಟರ್ ವೇಗದಲ್ಲಿ ಹೊರಟರೆ ಅದರ ಸಂವೇಗ 2.8. ಅಷ್ಟೇ ಸಂವೇಗ ಹಿಂದಕ್ಕೆ ಸ್ಲೈಡಿಗೆ ಸಿಗುತ್ತದೆ. ಸ್ಲೈಡೂ ಅದರೊಡನೆ ಸರಿಯುವ ನಳಿಗೆಯೂ ಸೇರಿ 500 ಗ್ರಾಂ ಇದ್ದರೆ ಅದು ಸೆಕೆಂಡಿಗೆ 5.6 ಮೀಟರ್ ವೇಗದಲ್ಲಿ ಹಿಂದೆ ಸರಿಯುತ್ತದೆ. 100 ಗ್ರಾಂ ಕೊರೆದು ತೆಗೆದರೆ ವೇಗ 7 ಮೀಟರಿಗೆ ಏರುತ್ತದೆ, ಅದು ಹೊತ್ತು ತರುವ ಶಕ್ತಿ ಕಾಲುಭಾಗ ಹೆಚ್ಚುತ್ತದೆ. ಸಿಡಿಮದ್ದಿನ ಅನಿಲದ ತಳ್ಳುವಿಕೆಯನ್ನು ಬಿಟ್ಟು ಹಾಕಿದ ಲೆಕ್ಕವಿದು. ನಿಜದಲ್ಲಿ ಇನ್ನೂ ತುಸು ಹೆಚ್ಚೇ. ಆ ಶಕ್ತಿಯೆಲ್ಲ ಹೋಗಿ ಬಡಿಯುವುದು ಪಿಸ್ತೂಲಿನ ಚೌಕಟ್ಟಿಗೆ. ಸ್ಪ್ರಿಂಗಿನ ಬಿಗಿ ಬದಲಿಸದೆ ಬರೀ ತೂಕ ಇಳಿಸಿದರೆ ಖಾಲಿ ತೋಟೆ ಸಿಕ್ಕಿಕೊಳ್ಳಬಹುದು, ಚೌಕಟ್ಟು ಬಿರುಕು ಬಿಡಬಹುದು. ಒಂದನ್ನು ಮುಟ್ಟಿದರೆ ಉಳಿದೆಲ್ಲವನ್ನೂ ಮುಟ್ಟಬೇಕಾಗುತ್ತದೆ. ಕೂರಿಗೆಯ ಒಂದು ತಾಳಿನ ಕೋನ ಬದಲಿಸಿದವನಿಗೆ ಇದು ಗೊತ್ತಿರುವ ಮಾತು.

ಆಮೇಲೆ ಬಂದದ್ದು ಕೆಂಪು ಚುಕ್ಕೆಯ ಕನ್ನಡಿ. 1990ರ ವಿಶ್ವ ಪಂದ್ಯದಲ್ಲಿ ಡಗ್ ಕೋನಿಗ್ ಇಂಥ ಕನ್ನಡಿಯಿಟ್ಟ ಪಿಸ್ತೂಲಿನಲ್ಲಿ ಗೆದ್ದ ಮೇಲೆ ಆಟದ ರೂಪವೇ ಬದಲಾಯಿತು. ಇಂದು ಅದನ್ನು ಕೂರಿಸಲು ಸ್ಲೈಡಿನ ಬೆನ್ನಿನಲ್ಲೇ ಒಂದು ತಗ್ಗು ಕೆತ್ತುತ್ತಾರೆ. ಕಂಪನಿಗಳೂ ಹಿಂದೆ ಬೀಳಲಿಲ್ಲ. ಗ್ಲಾಕ್ ಕಂಪನಿ 1998ರಲ್ಲಿ ತಂದ 34ನೇ ಮಾದರಿಯಲ್ಲಿ ಸ್ಲೈಡನ್ನು ಉದ್ದ ಮಾಡಿ, ಹೆಚ್ಚಿದ ತೂಕ ಇಳಿಸಲು ಅದರ ನೆತ್ತಿಯಲ್ಲಿ ಕಾರ್ಖಾನೆಯೇ ಕಿಟಕಿ ತೆಗೆದಿತ್ತು. ಕಸುಬುದಾರನ ಅರದ ಕೆಲಸ ಹೀಗೆ ಕಂಪನಿಯ ಯಂತ್ರಕ್ಕೆ ದಾಟಿತು. ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಗೆ ಮುಗಿಯಿತು.

*

ಉಳಿದರ್ಧ ಅವನು ಕೇಳದೇ ಬಿಟ್ಟ ಪ್ರಶ್ನೆಯಲ್ಲಿದೆ. ಈ ಕೆಲಸವನ್ನು ನಮ್ಮಲ್ಲಿ ಯಾರು ಮಾಡಬಹುದು?

ಭಾರತದಲ್ಲಿ ಈಗ ನಡೆಯುವುದು 1959ರ ಆಯುಧ ಕಾಯ್ದೆ. ಅದರ 5ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಕೋವಿ ತಯಾರಿಸುವುದಷ್ಟೇ ಅಲ್ಲ, ಅದನ್ನು ಪರಿವರ್ತಿಸುವುದು, ದುರಸ್ತಿ ಮಾಡುವುದು, ಪರೀಕ್ಷಿಸುವುದು ಕೂಡ ಅಪರಾಧ. ನಳಿಗೆ ಕತ್ತರಿಸಿ ಗಿಡ್ಡ ಮಾಡುವುದನ್ನು 6ನೇ ಕಲಮು ತಡೆಯುತ್ತದೆ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ತಯಾರಿಕೆ, ಪರಿವರ್ತನೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆವಾಸ. ಜಗತ್ತಿನ ಬಹುಪಾಲು ಪಂದ್ಯದ ಪಿಸ್ತೂಲುಗಳ ಅಳತೆಯಾದ 9 ಎಂಎಂ ನಮ್ಮಲ್ಲಿ ನಿಷೇಧಿತ ಬೋರು. ಸಾಮಾನ್ಯ ಲೈಸೆನ್ಸುದಾರನಿಗೆ ದಕ್ಕುವುದು ಪಾಯಿಂಟ್ 32ರಂಥದ್ದು. ಅಂದರೆ ಕೋವಿ ನಿನ್ನದಾದರೂ ಅದರ ಮೇಲೆ ಅರ ಆಡಿಸುವ ಕೈ ನಿನ್ನದಲ್ಲ.

ಈ ನಿಯಮದ ಅಗತ್ಯವನ್ನು ನಾನು ಪ್ರಶ್ನಿಸುತ್ತಿಲ್ಲ. ಕೂರಿಗೆ ಕೆಟ್ಟರೆ ಬೆಳೆ ಕೆಡುತ್ತದೆ, ಕೋವಿ ಕೆಟ್ಟರೆ ಜೀವ ಹೋಗುತ್ತದೆ. ಆದರೆ ಈ ನಿಯಮ ಎಲ್ಲಿಂದ ಬಂತು, ಮೊದಲು ಯಾರನ್ನು ಕಟ್ಟಲು ಬಂತು ಎಂಬುದು ಗೊತ್ತಿರಬೇಕು. ಏಕೆಂದರೆ ಆ ಕಥೆಯ ಎರಡು ಮುಖ್ಯ ಅಧ್ಯಾಯಗಳು ನಡೆದದ್ದು ನಮ್ಮ ಸುತ್ತಲೇ.

ಬಂದೂಕಿನ ವಿದ್ಯೆ ಕನ್ನಡ ನಾಡಿಗೆ ಹೊರಗಿನಿಂದ ಬಂದರೂ ಬೇಗನೆ ಇಲ್ಲಿಯದಾಯಿತು. ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ತಯಾರಾದ ಚಕಮಕಿ ಕೋವಿಗಳ ಮೇಲೆ ಹುಲಿಯ ಪಟ್ಟೆ, ಹುಲಿಯ ತಲೆ, ಅವನದೇ ಮೌಲೂದಿ ಶಕೆಯ ವರ್ಷ ಕೆತ್ತಿರುತ್ತಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಲೂಟಿಯಾಗಿ ಇಂಗ್ಲೆಂಡಿನ ಅರಮನೆ, ಸಂಗ್ರಹಾಲಯಗಳನ್ನು ಸೇರಿದವು. ನಮ್ಮ ಕೊಪ್ಪಳದ ಕೋಟೆಗೂ ಅವನ ಹೆಸರಿನ ನಂಟಿದೆ. 1786ರಲ್ಲಿ ಪಾಳೆಯಗಾರನಿಂದ ಅದನ್ನು ವಶಪಡಿಸಿಕೊಂಡ ಟಿಪ್ಪು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಕೆಳಕೋಟೆಯನ್ನು ಮತ್ತೆ ಕಟ್ಟಿಸಿದ. 1790ರಲ್ಲಿ ಬ್ರಿಟಿಷ್ ಮತ್ತು ನಿಜಾಮನ ಪಡೆಗಳು ಆರು ತಿಂಗಳು ಅದಕ್ಕೆ ಮುತ್ತಿಗೆ ಹಾಕಿದವು. ತಾನು ಭಾರತದಲ್ಲಿ ಕಂಡ ಅತಿ ಬಲವಾದ ಜಾಗ ಇದೇ ಎಂದು ಸರ್ ಜಾನ್ ಮಾಲ್ಕಂ ಹೇಳಿದ್ದು ಈ ಕೋಟೆಯನ್ನೇ.

19ನೇ ಶತಮಾನದ ಮೊದಲರ್ಧದಲ್ಲಿ ಜಗತ್ತಿನಾದ್ಯಂತ ಕೋವಿಯ ಮೇಲೆ ಒಂದು ದೊಡ್ಡ ತಿದ್ದುಪಡಿ ನಡೆಯಿತು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ 1807ರಲ್ಲಿ ಬಡಿದರೆ ಸಿಡಿಯುವ ಮದ್ದಿನ ಪೇಟೆಂಟ್ ಪಡೆದ. ಚಕಮಕಿಯ ಕಿಡಿ ಕಂಡು ಹಕ್ಕಿಗಳು ಗುಂಡು ತಲುಪುವ ಮೊದಲೇ ಹಾರುತ್ತವೆ ಎಂಬುದು ಅವನ ತಕರಾರು. ಅದರಿಂದ ಮುಂದೆ ತಾಮ್ರದ ಪುಟ್ಟ ಟೋಪಿ, ಅಂದರೆ ಕೇಪು ಬಂತು. ಹಳೆಯ ಚಕಮಕಿ ಕೋವಿಯನ್ನು ಎಸೆಯಬೇಕಿರಲಿಲ್ಲ. ಕಿವಿಯ ತೂತಿಗೆ ಒಂದು ಮೊಲೆಯಂಥ ಕೊಳವೆ ಕೂರಿಸಿ, ಕುದುರೆಯ ಬಾಯಿ ಬದಲಿಸಿದರೆ ಆಯಿತು. ದೊಡ್ಡ ಸೇನೆಗಳೇ ಹೀಗೆ ಸಾವಿರಾರು ಕೋವಿಗಳನ್ನು ಮಾರ್ಪಡಿಸಿಕೊಂಡವು. ಮಲೆನಾಡಿನಲ್ಲಿ 'ಕೇಪಿನ ಕೋವಿ' ಎಂಬ ಮಾತು ಇವತ್ತಿಗೂ ಇದೆ. ಸ್ಲೈಡಿನಲ್ಲಿ ಕಿಟಕಿ ಕೊರೆಯುವವನಿಗೂ ಚಕಮಕಿಗೆ ಕೇಪು ಕೂರಿಸಿದವನಿಗೂ ಆಸೆ ಒಂದೇ: ಕಣ್ಣಿಗೂ ಗುರಿಗೂ ನಡುವೆ ಉಳಿದಿರುವ ಆ ಒಂದು ಕ್ಷಣವನ್ನು ಕಿರಿದು ಮಾಡುವುದು.

*

1857ರಲ್ಲಿ ಉತ್ತರ ಭಾರತ ಹೊತ್ತಿ ಉರಿಯುತ್ತಿದ್ದಾಗ ಕಂಪನಿ ಸರಕಾರ ಆ ವರ್ಷದ 28ನೇ ಕಾಯ್ದೆಯನ್ನು ತಂದಿತು. ಆಯುಧಗಳ ಆಮದು, ತಯಾರಿಕೆ, ಮಾರಾಟ, ಇಟ್ಟುಕೊಳ್ಳುವ ಹಕ್ಕು, ಕೊನೆಗೆ ಜನರಿಂದ ಆಯುಧ ಕಸಿಯುವ ಅಧಿಕಾರ ಎಲ್ಲವೂ ಅದರಲ್ಲಿದ್ದವು. ನಮ್ಮ ಪಠ್ಯಗಳಲ್ಲಿ ಇದು 'ನಿಶ್ಶಸ್ತ್ರೀಕರಣ ಕಾಯ್ದೆ'. ಕಾಯ್ದೆಯ ಭಾಷೆ ಒಣಗಿದ್ದು. ಅದು ಮುಧೋಳ ಸಂಸ್ಥಾನದ ಹಲಗಲಿಗೆ ಬಂದಾಗ ಒಣಗಿರಲಿಲ್ಲ.

ಹಲಗಲಿಯ ಬೇಡರಿಗೆ ಆಯುಧ ಅಲಂಕಾರವಲ್ಲ. ಬೇಟೆ ಅದರದು, ಕಾವಲಿನ ಕೆಲಸ ಅದರದು, ಮನೆಯ ಮಾನವೂ ಅದರದು. ನೋಂದಾಯಿಸಿರಿ, ಒಪ್ಪಿಸಿರಿ ಎಂದಾಗ ಅವರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ಬಂತು. ಊರು ಸುಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು: 11ರಂದು ಮುಧೋಳದಲ್ಲಿ 13 ಜನ, 14ರಂದು ಹಲಗಲಿಯಲ್ಲೇ 6 ಜನ. ಊರವರ ಕಣ್ಣೆದುರೇ ಗಲ್ಲು ಹಾಕಿದ್ದು ಕಾಯ್ದೆಯನ್ನು ಓದಲು ಬಾರದವರಿಗೂ ಅದು ತಿಳಿಯಲಿ ಎಂದು. ಈ ಪ್ರಸಂಗದ ಲಾವಣಿ ನಮ್ಮ ಹತ್ತನೇ ತರಗತಿಯ ಮಕ್ಕಳಿಗೆ ಪಾಠವಾಗಿದೆ. ಅದನ್ನು ಸಂಗ್ರಹಿಸಿದವನು ಜೆ.ಎಫ್. ಫ್ಲೀಟ್, ಬ್ರಿಟಿಷ್ ಸರಕಾರದ್ದೇ ಅಧಿಕಾರಿ. ಸರಕಾರ ಆಯುಧವನ್ನು ಕಸಿಯಿತು, ಅದರ ಅಧಿಕಾರಿ ಹಾಡನ್ನು ಬರೆದಿಟ್ಟ. ನಾನು ಪಾಠ ಹೇಳುವಾಗ ಮಕ್ಕಳು ಈ ಮಾತಿಗೆ ಸುಮ್ಮನಾಗುತ್ತಾರೆ.

ಎರಡನೆಯ ಅಧ್ಯಾಯ ಇನ್ನೂ ಹತ್ತಿರದ್ದು. ಮುಂಡರಗಿಯ ಭೀಮರಾಯ ಕಂಪನಿಯ ನೌಕರಿಯಲ್ಲಿದ್ದು ಅದರಿಂದ ಹೊರಬಿದ್ದವನು. 1858ರ ಮೇ ತಿಂಗಳಿನಲ್ಲಿ ತುಂಗಭದ್ರೆಯ ದಂಡೆಯ ಹಮ್ಮಿಗೆಯಲ್ಲಿ, ದೇಸಾಯಿ ಕೆಂಚನಗೌಡನ ಊರಿನಲ್ಲಿ, ಬಚ್ಚಿಟ್ಟ ಆಯುಧಗಳು ಸರಕಾರದ ಕಣ್ಣಿಗೆ ಬಿದ್ದವು. ಅವಕ್ಕೆ ಮುದ್ರೆ ಹಾಕಿ ಕಾವಲಿಟ್ಟರು. ಭೀಮರಾಯ ತನ್ನವರೊಡನೆ ಬಂದು ಕಾವಲನ್ನು ಮುರಿದು ಆಯುಧ ಬಿಡಿಸಿಕೊಂಡ. ಅಲ್ಲಿಂದ ಡಂಬಳದ ಖಜಾನೆ, ಅಲ್ಲಿಂದ ಗಡಿ ದಾಟಿ ಕೊಪ್ಪಳದ ಕೋಟೆ. ಕೊಪ್ಪಳ ಆಗ ನಿಜಾಮನ ರಾಜ್ಯದಲ್ಲಿ ಸಾಲಾರ್ ಜಂಗರ ಜಹಗೀರು. ಫ್ರೆಂಚರು ಕಟ್ಟಿಕೊಟ್ಟ, ಮಾಲ್ಕಂ ಹೊಗಳಿದ ಆ ಕೋಟೆ ಆರು ತಿಂಗಳಲ್ಲ, ಕೆಲವೇ ದಿನ ಅವನಿಗೆ ಆಸರೆಯಾಯಿತು. ಜೂನ್ ಮೊದಲ ದಿನ ಮೇಜರ್ ಹ್ಯೂಸನ ಪಡೆ ಕೋಟೆಗೆ ನುಗ್ಗಿತು. ಭೀಮರಾಯ ಮತ್ತು ಕೆಂಚನಗೌಡ ಕಾದಾಡುತ್ತಲೇ ಸತ್ತರು. ಸೆರೆ ಸಿಕ್ಕವರಲ್ಲಿ ಬಹಳ ಮಂದಿಗೆ ಮರಣದಂಡನೆಯಾಯಿತು. ಅದೇ ದಿನಗಳಲ್ಲಿ ನರಗುಂದದ ಕೋಟೆಯೂ ಬಿತ್ತು. ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಭೀಮರಾಯನ ಬಂಡಾಯಕ್ಕೆ ಇನಾಮು, ದತ್ತಕ, ಪೇಶ್ವೆಯ ಹೆಸರು ಹೀಗೆ ಹಲವು ಕಾರಣಗಳನ್ನು ಇತಿಹಾಸಕಾರರು ಕೊಡುತ್ತಾರೆ. ಅವೆಲ್ಲ ಇರಲಿ. ಕಿಡಿ ಹೊತ್ತಿದ್ದು ಮಾತ್ರ ಮುದ್ರೆ ಹಾಕಿದ ಒಂದು ಆಯುಧದ ರಾಶಿಯಿಂದ. ತನ್ನದಾಗಿದ್ದ ಸಾಮಾನಿಗೆ ಇನ್ನೊಬ್ಬನ ಬೀಗ ಬಿದ್ದದ್ದು ಅಲ್ಲಿನ ಕಾರಣ. ಇದಾಗಿ ತೊಂಬತ್ತು ವರ್ಷದ ನಂತರ, 1947-48ರಲ್ಲಿ, ರಜಾಕಾರರ ವಿರುದ್ಧ ಅಳವಂಡಿ ಶಿವಮೂರ್ತಿಸ್ವಾಮಿಗಳು ಕಟ್ಟಿದ ಶಿಬಿರ ಇದ್ದದ್ದೂ ಅದೇ ಮುಂಡರಗಿಯಲ್ಲಿ. ಆಗಲೂ ಹೋರಾಟಗಾರರು ಅದೇ ಗಡಿಯನ್ನು ದಾಟಿಯೇ ಕೊಪ್ಪಳ ಸೀಮೆಗೆ ಬಂದದ್ದು.

*

ಹಲಗಲಿ, ಕೊಪ್ಪಳಗಳ ಬೂದಿ ಆರುವ ಮುನ್ನವೇ ಅದೇ ಕನ್ನಡ ನಾಡಿನ ಇನ್ನೊಂದು ಮೂಲೆಯಲ್ಲಿ ಅದೇ ಸರಕಾರ ಬೇರೆಯೇ ಮಾತಾಡಿತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಹೊರಗಿಟ್ಟ. ಅವರ ಶೌರ್ಯ, ನಿಷ್ಠೆ, 1837ರ ದಂಗೆಯಲ್ಲಿ ಅವರು ಸರಕಾರಕ್ಕೆ ಕೊಟ್ಟ ನೆರವು ಇವು ಕಾರಣ. ಒಂದೇ ಕಾಯ್ದೆ; ಒಬ್ಬರಿಗೆ ಗಲ್ಲು, ಇನ್ನೊಬ್ಬರಿಗೆ ವಿನಾಯಿತಿ. ಇದು ಕೊಡವರ ತಪ್ಪೂ ಅಲ್ಲ, ಬೇಡರ ತಪ್ಪೂ ಅಲ್ಲ. ಆಯುಧದ ಹಕ್ಕು ಮನುಷ್ಯನದಲ್ಲ, ಆಳುವವರ ನಂಬಿಕೆಯದು ಎಂದು ಸರಕಾರ ತೀರ್ಮಾನಿಸಿದ್ದರ ಫಲ.

1878ರಲ್ಲಿ ಲಿಟ್ಟನ್ ತಂದ ಆಯುಧ ಕಾಯ್ದೆ ಇದನ್ನು ಇನ್ನಷ್ಟು ಬೆತ್ತಲೆ ಮಾಡಿತು. ಭಾರತೀಯನಿಗೆ ಲೈಸೆನ್ಸ್ ಬೇಕು. ಯುರೋಪಿಯನ್ನರಿಗೆ, ಆಂಗ್ಲೋ ಇಂಡಿಯನ್ನರಿಗೆ ವಿನಾಯಿತಿ. ಅಹಿಂಸೆಯ ಗಾಂಧೀಜಿಗೂ ಈ ಕಾಯ್ದೆಯ ಮೇಲೆ ಸಿಟ್ಟಿತ್ತು ಎಂಬುದನ್ನು ಅವರ ಆತ್ಮಕಥೆ ಓದಿದವರು ಬಲ್ಲರು. ಅವರ ಸಿಟ್ಟು ಕೋವಿ ಇಲ್ಲವೆಂದಲ್ಲ, ಒಂದಿಡೀ ಜನಾಂಗವನ್ನು ನಂಬಿಕೆಗೆ ಅರ್ಹರಲ್ಲ ಎಂದು ಕಾನೂನು ಬರೆದದ್ದಕ್ಕೆ. 1920ರ ಸುಮಾರಿಗೆ ನಿಯಮಗಳಿಂದ ಜನಾಂಗ ಭೇದ ಹೋಯಿತು. 1959ರ ಕಾಯ್ದೆ 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದು 1878ರದನ್ನು ತೆಗೆದುಹಾಕಿತು. ಆದರೆ ಬಳಸುವ ಕೈಗೂ ತಿದ್ದುವ ಕೈಗೂ ನಡುವೆ 1857ರಲ್ಲಿ ಎಳೆದ ಗೆರೆ ಹಾಗೇ ಉಳಿಯಿತು.

ಕೊಡಗಿನ ವಿನಾಯಿತಿಯೂ ಉಳಿದಿದೆ. 2019ರಲ್ಲಿ ಕೇಂದ್ರ ಸರಕಾರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು ಮತ್ತೆ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ನೇಗಿಲು, ನೊಗದ ಜೊತೆಗೆ ಕೋವಿಗೂ ಪೂಜೆ. ನಾಟಿಯ ಕೆಲಸ ಮುಗಿದ ಮೇಲಿನ ಹಬ್ಬ ಅದು. ಆಮೇಲೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ. ಕನ್ನಡ ನಾಡಿನಲ್ಲಿ ಗುರಿ ಹೊಡೆಯುವುದು ಊರ ಆಟವಾಗಿ, ಹೆಣ್ಣು ಗಂಡು ಕೂಡಿ ಆಡುವ ಹಬ್ಬವಾಗಿ ಉಳಿದ ಜಾಗ ಅದು. ಕೋವಿ ನೇಗಿಲ ಪಕ್ಕ ಕೂತದ್ದನ್ನು ಕಂಡಾಗ ನನಗೆ ನಮ್ಮ ಕಡೆಯ ಆಯುಧಪೂಜೆ ನೆನಪಾಗುತ್ತದೆ. ಕೂರಿಗೆ, ಕುಂಟೆ, ಕುಡಗೋಲು, ಟ್ರ್ಯಾಕ್ಟರು ಎಲ್ಲಕ್ಕೂ ಕುಂಕುಮ ಬೀಳುತ್ತದೆ. ಹೆಸರಿನಲ್ಲಿ 'ಆಯುಧ' ಉಳಿದಿದೆ, ಸಾಲಿನಲ್ಲಿ ಇಲ್ಲ.

*

ಆಯುಧವನ್ನು ಆಟದ ಸಾಮಾನಾಗಿ ಮತ್ತೆ ಜನರ ಕೈಗೆ ಕೊಡುವ ಕೆಲಸ ಸ್ವಾತಂತ್ರ್ಯದ ನಂತರ ಶುರುವಾಯಿತು. ಲೋಕಸಭೆಯ ಮೊದಲ ಸಭಾಧ್ಯಕ್ಷ ಜಿ.ವಿ. ಮಾವಳಂಕರರ ಮುಂದಾಳುತನದಲ್ಲಿ 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಘ ಹುಟ್ಟಿತು. ಮೊದಲು ಅದು ರಾಜಮನೆತನದವರ, ಸೇನೆಯವರ ಆಟವಾಗಿತ್ತು. ಬಿಕಾನೇರಿನ ಮಹಾರಾಜ ಕರಣಿ ಸಿಂಗ್ 1960ರಿಂದ ಒಲಿಂಪಿಕ್ಸ್‌ಗೆ ಹೋದರು. 2012ರ ಲಂಡನ್ನಿನಲ್ಲಿ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದ ವಿಜಯ್ ಕುಮಾರ್ ಆಗ ಸೇನೆಯ ಸುಬೇದಾರ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಬೆಳ್ಳಿ ಗೆದ್ದರು. 2023ರಲ್ಲಿ ಬಾಕುವಿನ ವಿಶ್ವಕಪ್ಪಿನಲ್ಲಿ ಕರ್ನಾಟಕದ ಟಿ.ಎಸ್. ದಿವ್ಯಾ, ಸರಬ್ಜೋತ್ ಸಿಂಗ್ ಜೊತೆ ಏರ್ ಪಿಸ್ತೂಲಿನ ಮಿಶ್ರ ತಂಡದ ಚಿನ್ನ ತಂದರು.

ಒಲಿಂಪಿಕ್ಸ್‌ನ ಈ ಆಟದಲ್ಲಿ ಸ್ಲೈಡಿಗೆ ಕಿಟಕಿ ಕೊರೆಯುವ ಸಡಗರವಿಲ್ಲ. ಕೆಂಪು ಚುಕ್ಕೆಯ ಕನ್ನಡಿಗೂ ಇಲ್ಲಿ ಜಾಗವಿಲ್ಲ. 25 ಮೀಟರಿನ ಪಿಸ್ತೂಲು 300 ಮಿಲಿಮೀಟರ್ ಉದ್ದ, 150 ಎತ್ತರ, 50 ಅಗಲದ ಪೆಟ್ಟಿಗೆಯೊಳಗೆ ಹಿಡಿಸಬೇಕು. ತೂಕ 1400 ಗ್ರಾಂ ಮೀರಬಾರದು, ಕುದುರೆ ಎಳೆಯಲು ಕನಿಷ್ಠ 1000 ಗ್ರಾಂ ಬಲ ಬೇಕು. ಪಂದ್ಯಕ್ಕೆ ಮೊದಲು ಒಬ್ಬ ತೀರ್ಪುಗಾರ ಪೆಟ್ಟಿಗೆ, ತಕ್ಕಡಿ, ತೂಕದ ಬಟ್ಟು ಇಟ್ಟುಕೊಂಡು ಎಲ್ಲರ ಪಿಸ್ತೂಲನ್ನೂ ಅಳೆಯುತ್ತಾನೆ. ರ‍್ಯಾಪಿಡ್ ಫೈರ್‌ನಲ್ಲಿ ಮೊದಲು ಮೃದುವಾದ ಪುಟ್ಟ ತೋಟೆ, ಹಗುರ ಕುದುರೆ, ಕೈಯನ್ನು ಸುತ್ತಿಕೊಳ್ಳುವ ಹಿಡಿ ಇದ್ದ ವಿಶೇಷ ಪಿಸ್ತೂಲುಗಳಿದ್ದವು. 2005ರಿಂದ ಅವನ್ನು ಆಟದಿಂದ ಹೊರಗಿಟ್ಟರು. ಸ್ಪರ್ಧೆ ಮನುಷ್ಯರ ನಡುವೆ ಇರಲಿ, ಕಾರ್ಖಾನೆಗಳ ನಡುವೆ ಬೇಡ ಎಂಬುದು ಅದರ ಇಂಗಿತ. ಹಾಗಿದ್ದೂ ಯಂತ್ರದ ಒಂದು ಚೂರು ಎಷ್ಟು ದೊಡ್ಡದು ಎಂಬುದು 2021ರ ಜುಲೈ 25ರಂದು ಟೋಕಿಯೊದಲ್ಲಿ ಕಂಡಿತು. ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಏರ್ ಪಿಸ್ತೂಲು ಕೈಕೊಟ್ಟಿತು. ರಿಪೇರಿಗೆ ಅಮೂಲ್ಯ ನಿಮಿಷಗಳು ಹೋದವು, ಫೈನಲ್ ಕೈತಪ್ಪಿತು. ಮೂರು ವರ್ಷದ ಮೇಲೆ ಪ್ಯಾರಿಸ್ಸಿನಲ್ಲಿ ಅವರು ಎರಡು ಕಂಚು ಗೆದ್ದರು.

ಇಷ್ಟು ಕಟ್ಟಳೆಗಳ ನಡುವೆ ಒಂದೇ ಒಂದು ಭಾಗ ಆಟಗಾರನ ಸ್ವಂತದ್ದಾಗಿ ಉಳಿದಿದೆ. ಅದು ಹಿಡಿ. ಪಂದ್ಯದ ಪಿಸ್ತೂಲಿನ ಹಿಡಿ ಮರದ್ದು. ಕಂಪನಿ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಅಳತೆಯಲ್ಲಿ ಕಳಿಸುತ್ತದೆ. ಆದರೆ ಯಾರ ಅಂಗೈಯೂ ಕಂಪನಿಯ ಅಳತೆಯದಲ್ಲ. ಆಟಗಾರರು ಒರಟು ಅರ, ಉಜ್ಜುಕಾಗದ, ಮರದ ಮೇಣ ಇಟ್ಟುಕೊಂಡು ಹೆಬ್ಬೆರಳಿನ ಬುಡದಲ್ಲಿ ಇಷ್ಟು ಕೆತ್ತುತ್ತಾರೆ, ಅಂಗೈ ಗುಳಿಯಲ್ಲಿ ಇಷ್ಟು ತುಂಬುತ್ತಾರೆ. ಹಿಡಿದು ನೋಡುತ್ತಾರೆ, ಕಣ್ಣು ಮುಚ್ಚಿ ಕೈಯೆತ್ತುತ್ತಾರೆ, ಕಣ್ಣು ತೆರೆದಾಗ ನೋಟ ಗುರಿಯ ಮೇಲಿದೆಯೇ ಎಂದು ಪರೀಕ್ಷಿಸುತ್ತಾರೆ. ಇರದಿದ್ದರೆ ಮತ್ತೆ ಅರ. ಮನೆಯ ಮೇಜಿನ ಮೇಲೆ ತಿಂಗಳುಗಟ್ಟಲೆ ನಡೆಯುವ ಕೆಲಸ ಇದು. ನಿಯಮದ ಮಿತಿಯೊಳಗೆ ಇದಕ್ಕೆ ಅವಕಾಶವಿದೆ.

ಬೇವೂರಿನಂಥ ಊರಿನ ಮಕ್ಕಳಿಗೆ ಈ ಆಟದ ಬಾಗಿಲು ಅಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ. ಕಡಿಮೆ ಶಕ್ತಿಯ ಪಾಯಿಂಟ್ 177 ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ, ಸಿಡಿಮದ್ದು ಬೇಡ, 10 ಮೀಟರ್ ಉದ್ದದ ಒಂದು ಭದ್ರ ಕೋಣೆಯೂ ಬಲ್ಲವರ ನಿಗಾವೂ ಇದ್ದರೆ ಸಾಕು. ಗುರಿಯ ಹತ್ತರ ವೃತ್ತದ ಅಗಲ 11.5 ಮಿಲಿಮೀಟರ್, ಒಂದು ಅಂಗಿಯ ಗುಂಡಿಯಷ್ಟು. ಅಡ್ಡಿಯಾಗಿರುವುದು ಬೆಲೆ, ದೂರ ಮತ್ತು ಹೇಳಿಕೊಡುವವರ ಕೊರತೆ. 1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ಸತ್ತವರ ಮರಿಮೊಮ್ಮಕ್ಕಳು ಕೋವಿ ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. ಅವರನ್ನು ನಂಬಿ ಒಂದು ನಾಜೂಕಾದ ಸಾಮಾನನ್ನು ಕೈಗೆ ಕೊಡುವ ಕಾಲ ಬಂದಿದೆ ಎನ್ನುತ್ತಿದ್ದೇನೆ. ಹಲಗಲಿಯಲ್ಲಿ ಕಸಿದದ್ದು ಬರೀ ಕಬ್ಬಿಣವಲ್ಲ, ಆ ನಂಬಿಕೆ. ಅದನ್ನು ಹಿಂದಿರುಗಿಸಲು ಕಾಯ್ದೆ ಬದಲಾಗಬೇಕಿಲ್ಲ. ತಾಲೂಕಿಗೊಂದು ಸಣ್ಣ ರೇಂಜು, ಒಬ್ಬ ತರಬೇತುದಾರ, ಒಂದು ಒರಟು ಅರ ಸಾಕು. ಹದ ಮಾಡುವುದು ನಮ್ಮ ಕೈಗಳಿಗೆ ಗೊತ್ತಿದೆ.